ಅಣಬೆ ಕೋಣೆಯ ತಣ್ಣೀರಿನ ಪೈಪು

ರಾಜಾನುಕುಂಟೆಯ ನಮ್ಮ ಮನೆಯ ಹಿಂದೆ, ಮೊದಲು ದ್ರಾಕ್ಷಿ ತುಂಬಿಡುತ್ತಿದ್ದ ಶೆಡ್ಡಿನಲ್ಲಿ ಎರಡು ಕೋಣೆ ಮಾಡಿಸಿ ನಾನೂ ನನ್ನ ಓರಗಿತ್ತಿಯೂ ಬಟನ್ ಅಣಬೆ ಬೆಳೆಯುತ್ತೇವೆ. ಅದಕ್ಕೆ ತಂಪು ಬೇಕೇ ಬೇಕು. ಶೆಡ್ಡಿನ ಪಕ್ಕದ ಚಿಲ್ಲರ್ ನೀರನ್ನು ಕೊರೆಯುವಷ್ಟು ತಣ್ಣಗೆ ಮಾಡುತ್ತದೆ. ಪಂಪು ಆ ನೀರನ್ನು ಪ್ಲಾಸ್ಟಿಕ್ ಪೈಪಿನಲ್ಲಿ ಕೋಣೆಗಳಿಗೆ ತಳ್ಳುತ್ತದೆ. ಅಲ್ಲಿ ಫ್ಯಾನು ಆ ತಂಪನ್ನು ಕೋಣೆಯೊಳಗೆ ಬೀಸುತ್ತದೆ. ಸದಾ ತಣ್ಣೀರು ಹರಿಯುವ ಪೈಪಿಗೆ ಬಿಸಿಯಿಂದ ಕೇಡಾದೀತು ಎಂಬ ಯೋಚನೆಯೇ ನಮಗಿರಲಿಲ್ಲ.

ಯುಗಾದಿ ಮುಗಿದ ಹೊಸತರಲ್ಲಿ ಒಂದು ಬೆಳಗ್ಗೆ ನಾನು ಯಲಹಂಕದ ಅಂಗಡಿಗಳಿಗೆ ಅಣಬೆ ಕೊಡಲು ಹೋಗಿದ್ದೆ. ಇತ್ತ ಓರಗಿತ್ತಿ ಫಿಲ್ಟರ್ ತೊಳೆಯಲೆಂದು ಪಂಪು ನಿಲ್ಲಿಸಿ, ಅದರ ಮುಂದಿನ ವಾಲ್ವ್ ಮುಚ್ಚಿದಳು. ಫಿಲ್ಟರ್ ತೊಳೆದು ಸ್ವಿಚ್ ಹಾಕಿದರೆ ಕರೆಂಟಿಲ್ಲ. ಅಷ್ಟರಲ್ಲಿ ಅವಳ ಮಗಳಿಗೆ ಜ್ವರ ಬಂದಿದೆಯೆಂದು ಶಾಲೆಯಿಂದ ಫೋನ್ ಬಂತು. ಹಾಕಿದ ಸ್ವಿಚ್ ಹಾಗೇ ಬಿಟ್ಟು, ವಾಲ್ವ್ ತೆರೆಯುವುದನ್ನೂ ಮರೆತು ಅವಳು ಸ್ಕೂಟರ್ ಹತ್ತಿ ಹೊರಟುಬಿಟ್ಟಳು. ಆಮೇಲೆ ಕರೆಂಟ್ ಬಂದಾಗ ಪಂಪು ತಾನಾಗಿಯೇ ಓಡತೊಡಗಿತು. ಮುಂದೆ ದಾರಿಯಿಲ್ಲದ ನೀರು ಪಂಪಿನೊಳಗೇ ಸುತ್ತಿ ಸುತ್ತಿ ಕಾಯುತ್ತಾ ಹೋಯಿತು. ನೀರು ಹರಿಯದ್ದರಿಂದ ಚಿಲ್ಲರ್ ಶುರುವಾಗಲೇ ಇಲ್ಲ.

ನಾನು ಮನೆಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಹಿತ್ತಲಲ್ಲೆಲ್ಲ ಕಾದ ಪ್ಲಾಸ್ಟಿಕ್ಕಿನ ವಾಸನೆ. ಪಂಪು ಮತ್ತು ವಾಲ್ವಿನ ನಡುವಿನ ಪೈಪು ಮೆತ್ತಗಾಗಿ ಜೋತುಬಿದ್ದಿತ್ತು, ಜಾಯಿಂಟಿನಿಂದ ಹಬೆ ಏಳುತ್ತಿತ್ತು. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಆಗಷ್ಟೇ ಓಡಿಬಂದಿದ್ದ ಓರಗಿತ್ತಿ ವಾಲ್ವ್ ತೆರೆಯಲು ಕೈ ಚಾಚಿದ್ದಳು.

"ಮುಟ್ಬೇಡ ಕಣೇ, ಈಚೆ ಬಾ," ಎಂದು ಅವಳ ರಟ್ಟೆ ಹಿಡಿದು ಎಳೆದೆ. ಇನ್ನೊಂದು ಕೈಯಲ್ಲಿ ಗೋಡೆಯ ಸ್ವಿಚ್ ಆರಿಸುವಷ್ಟರಲ್ಲಿ ಜಾಯಿಂಟ್ ಬಿಟ್ಟುಕೊಂಡಿತು. ಅವಳು ನಿಂತಿದ್ದ ಜಾಗಕ್ಕೆ ಕುದಿನೀರು ರಾಚಿತು.

ಅವಳು ಅಲ್ಲೇ ಕುಸಿದು ಕೂತಳು. ನಾನು ಅವಳ ಮುಖ, ಕೈ, ಪಾದ ಎಲ್ಲ ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಹನಿಯೂ ತಾಗಿರಲಿಲ್ಲ.

"ಅಕ್ಕಾ, ವಾಲ್ವ್ ಮುಚ್ಚಿ ಮರ್ತಿದ್ದು ನಾನೇ. ಬೆಳೆ ಎಲ್ಲಾ ಹೋಯ್ತು ಅಲ್ವಾ?" ಎಂದಳು.

ಹೋಯಿತೋ ಉಳಿಯಿತೋ ನನಗೂ ಗೊತ್ತಿರಲಿಲ್ಲ. ಕೋಣೆಯ ಬಾಗಿಲು ತೆಗೆದು ನೋಡಿದೆವು. ಒಳಗೆ ಸೆಕೆ ಶುರುವಾಗಿತ್ತು, ಆದರೆ ಹೆಚ್ಚಿನ ಅಣಬೆಗಳು ಇನ್ನೂ ಅರಳಿ ಕೊಡೆ ಬಿಚ್ಚಿರಲಿಲ್ಲ. ಪೈಪು ಹಾಕಿದ್ದ ಫಿಟ್ಟರ್‌ಗೆ ಫೋನ್ ಮಾಡಿದೆ. ಅಮೃತಹಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಹೇಗಾದರೂ ತಂಪು ಕಾಯ್ದುಕೊಳ್ಳಿ ಎಂದರು. ಗೂಡ್ಸ್ ಆಟೊದಲ್ಲಿ ಐಸ್ ಗಡ್ಡೆ ತರಿಸಿ, ಟಬ್ಬುಗಳಲ್ಲಿ ಹಾಕಿ ಫ್ಯಾನಿನ ಮುಂದಿಟ್ಟೆವು. ದೊಡ್ಡ ಅಣಬೆಗಳನ್ನೆಲ್ಲ ಕಿತ್ತು ಮನೆಯ ಫ್ರಿಜ್ಜಿಗೆ ತುಂಬಿದೆವು. ಮನೆಯಲ್ಲಿ ಬೈಗುಳ ತಪ್ಪದು ಎಂದು ಓರಗಿತ್ತಿಗೆ ಖಾತ್ರಿಯಾಗಿತ್ತು.

ಅತ್ತೆ ಹಿತ್ತಲಿಗೆ ಬಂದು ಸೊಟ್ಟಗಾದ ಪೈಪನ್ನೂ ಒದ್ದೆ ಗೋಡೆಯನ್ನೂ ನೋಡಿದರು. ಮೊಮ್ಮಗಳು ಗಂಜಿ ಕುಡಿದು ಮಲಗಿದ್ದಾಳೆಂದು ಮೊದಲು ಹೇಳಿದರು. ಆಮೇಲೆ ಓರಗಿತ್ತಿಯ ತಲೆ ಮೇಲೆ ಕೈಯಿಟ್ಟು, "ಇಂಗ್ಯಾಕೆ ಮಖ ಸಣ್ಣಗೆ ಮಾಡ್ಕಂಡಿದ್ದೀಯ? ಅಣಬೆ ಇನ್ನೊಂದ್ಸಲ ಬೆಳ್ಕೊಬೌದು. ನಿನ್ ಮಖ ಸುಟ್ಟಿದ್ರೆ ನಾನೇನ್ ಮಾಡ್ಬೇಕಿತ್ತು?" ಎಂದರು. ಅದುವರೆಗೆ ತಡೆದುಕೊಂಡಿದ್ದ ಅಳು ಅವಳಿಗೆ ಆಗ ಬಂತು.

ಫಿಟ್ಟರ್ ಬಂದು ಪೈಪನ್ನು ಉದ್ದಕ್ಕೂ ತಡವಿ ನೋಡಿದರು. ಕೆಟ್ಟಿರುವುದು ಪಂಪಿನ ಹತ್ತಿರದ ತುಂಡು ಮಾತ್ರ, ವಾಲ್ವಿನಿಂದಾಚೆಗೆ ಬಿಸಿ ದಾಟಿಲ್ಲ ಎಂದರು. ಆ ಜಾಗಕ್ಕೆ ಕಬ್ಬಿಣದ ಪೈಪು ಹಾಕಿದರು. ಕರೆಂಟ್ ಬಂದಾಗ ಪಂಪು ತಾನಾಗಿ ಓಡದಂತೆಯೂ ಮಾಡಿಕೊಟ್ಟರು.

ಸಂಜೆ ಚಿಲ್ಲರ್ ಮತ್ತೆ ಗುಂಯ್‌ಗುಟ್ಟತೊಡಗಿದಾಗ ನಾವಿಬ್ಬರೂ ಕೋಣೆಯೊಳಗೆ ಫ್ಯಾನಿಗೆ ಮುಖ ಒಡ್ಡಿ ನಿಂತೆವು. ಮೊದಲು ಬರಿ ಗಾಳಿ, ನಿಧಾನವಾಗಿ ತಣ್ಣನೆ ಗಾಳಿ. ಕೊಡೆ ಬಿಚ್ಚಿದ ಒಂದಿಷ್ಟು ಅಣಬೆ ಮಾರಾಟಕ್ಕಾಗುವಂತಿರಲಿಲ್ಲ. ಅತ್ತೆ ಅದನ್ನೇ ಸಾರು ಮಾಡಿದರು. ಬೆಳಗ್ಗಿನಿಂದ ಏನೂ ತಿನ್ನದ ಓರಗಿತ್ತಿ ಎರಡು ಮುದ್ದೆ ಉಂಡಳು.