ಸದ್ದಾದ್ರೂ ತಂದೀಯಾ ಎಂದ ಸ್ಪೇರ್ ತಾತ

ಇವತ್ತು ಬೆಳಿಗ್ಗೆ ಅಕ್ಕ ಪಂಪ್ ಸ್ಟವ್ ಮುಂದೆ ಕೂತು, ಅದರ ತೂತಿಗೆ ಪಿನ್ನು ಚುಚ್ಚಿ ಚುಚ್ಚಿ ಬೈಯುತ್ತಿದ್ದಳು. ಸೀಮೆಎಣ್ಣೆ, ಬಿಸಿ ಹಿತ್ತಾಳೆ, ಒಂದಿಷ್ಟು ಮಸಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಏರ್ಕಾಡಿನ ಅಡುಗೆಮನೆಯಲ್ಲಿ ಇರಲೇ ಇಲ್ಲ. ಸೇಲಂ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ, ಸ್ಪೇರ್ ತಾತನ ಅಂಗಡಿ ಮುಂದೆ ನಿಂತಿದ್ದೆ.

ಹಳೇ ಕಾರುಗಳನ್ನು ಬಿಚ್ಚಿ ಬಿಡಿಭಾಗ ಮಾರುತ್ತಿದ್ದ ಅವರನ್ನು ಎಲ್ಲರೂ ಸ್ಪೇರ್ ತಾತ ಎಂದೇ ಕರೆಯುತ್ತಿದ್ದರು. ಮನೆಮಾತು ನಮ್ಮ ಹಾಗೇ ಕನ್ನಡ. ಬೈಗುಳ ಮಾತ್ರ ತಮಿಳಿನಲ್ಲಿ. ಕಿವಿಯ ಹಿಂದೆ ಬೇರೆಯವರು ಬೀಡಿ ಸಿಕ್ಕಿಸಿದರೆ ಇವರು ಮೋಟು ಸ್ಕ್ರೂಡ್ರೈವರ್ ಸಿಕ್ಕಿಸುತ್ತಿದ್ದರು. ಜಂಬ ಅಂದರೆ ಅಂಥಿಂಥ ಜಂಬವಲ್ಲ. "ಈ ಕಿವಿಗೆ ಸೇಲಂ ಜಿಲ್ಲೇಲಿ ಜೋಡಿ ಇಲ್ಲ ಕಣ್ಲಾ" ಎಂದು, ಕೇಳದವರಿಗೂ ಕರೆದು ಹೇಳುತ್ತಿದ್ದರು.

ನನ್ನ ಜಂಬವನ್ನೂ ಹೇಳಿಬಿಡುತ್ತೇನೆ. ತಾರಮಂಗಲಂ ಹತ್ತಿರದ ನಮ್ಮೂರಲ್ಲಿ ಅಪ್ಪ ಕುರಿ ಸಾಕಿದ್ದರು. ನಾನು ಟಗರಿನ ಹಾಗೆ ಕೂಗಿದರೆ ಇಡೀ ಮಂದೆ ತಿರುಗಿ ನೋಡುತ್ತಿತ್ತು. "ಬಾರ್ಲಾ, ಕೆಲ್ಸ ನೋಡು" ಎಂದು ಅಪ್ಪ ಕೂಗಿದರೆ ನಾನು ಮಾತ್ರ ತಿರುಗುತ್ತಿರಲಿಲ್ಲ. ಈ ಮಗನಿಂದ ಕುರಿಗಳೇ ಕೆಡುತ್ತವೆ ಎಂದು ಹೆದರಿ ಅವರು ನನ್ನನ್ನು ಬೆಟ್ಟದ ಮೇಲಿನ ಏರ್ಕಾಡಿಗೆ, ಅಕ್ಕನ ಮನೆಗೆ ಅಟ್ಟಿದರು. ಅಲ್ಲಿ ನಾನು ಘಾಟ್ ಬಸ್ಸಿನ ಕಂಡಕ್ಟರ್ ಆದೆ, ಎಸ್ಟೇಟಿನ ಮೇಸ್ತ್ರಿ ಆದೆ, ಅಕ್ಕನ ಅತ್ತೆಯೂ ಆದೆ... ಎಲ್ಲ ಬಾಯಲ್ಲೇ. ಉಪಯೋಗಕ್ಕೆ ಬರುವಂಥದ್ದೇನೂ ಆಗಲಿಲ್ಲ.

ಭಾವನದು ಒಂದು ಹಳೇ ಟ್ಯಾಕ್ಸಿ. ಆ ವರ್ಷ ಅದು ಕಪ್ಪು ಹೊಗೆ ಉಗುಳತೊಡಗಿತು. ಪೆಟ್ರೋಲನ್ನು ನೀರಿನಂತೆ ಕುಡಿದು, ಏರು ಬಂದರೆ ಏದುಸಿರು ಬಿಡುತ್ತಿತ್ತು. ಒಮ್ಮೆ ಎಸ್ಟೇಟಿನ ಯಜಮಾನರನ್ನು ಕೂರಿಸಿಕೊಂಡು ಬರುವಾಗ ಕಡಿದಾದ ತಿರುವೊಂದರಲ್ಲಿ ನಿಂತೇಬಿಟ್ಟಿತು. ಬಿಳಿ ಪಂಚೆಯ ಯಜಮಾನರೇ ಇಳಿದು ತಳ್ಳಿದರು, ಪಂಚೆ ಕಪ್ಪಾಯಿತು. ನನಗೆ ನಗು ತಡೆಯಲಾಗಲಿಲ್ಲ, ಭಾವನಿಗೆ ಅಳು. ಯಜಮಾನರು ಕಡೆಯ ಮಾತು ಹೇಳಿದರು: ನಾಡಿದ್ದು ಬೆಳಗಿನ ರೈಲಿಗೆ ಅವರ ಬೀಗರು ಸೇಲಂಗೆ ಬರುತ್ತಾರೆ. ನಿಲ್ಲದೆ, ಹೊಗೆ ಉಗುಳದೆ ಅವರನ್ನು ಬೆಟ್ಟ ಹತ್ತಿಸಿದರೆ ಎಸ್ಟೇಟಿನ ಓಡಾಟವೆಲ್ಲ ಭಾವನಿಗೆ. ಇಲ್ಲವಾದರೆ ಬೇರೆ ಟ್ಯಾಕ್ಸಿ. ಎಸ್ಟೇಟಿನ ಬಾಡಿಗೆ ತಪ್ಪಿದರೆ ಕಾರನ್ನು ಮಾರುವುದೊಂದೇ ಉಳಿಯುತ್ತಿತ್ತು.

"ಕಾರ್ಬುರೇಟರೇ ಓಗೈತೆ. ಹೊಸಾದು ತರಾಕೆ ನಮ್ಮ ಕೈಲಾಗಲ್ಲ. ತಾತನ ಅತ್ರ ಹಳೇದು ಯಾವ್ದಾರ ಐತಾ ನೋಡ್ಕಂಡ್ ಬಾ" ಎಂದು ಭಾವ ನನ್ನನ್ನು ಬೆಳಗಿನ ಬಸ್ಸಿಗೆ ಹತ್ತಿಸಿದ.

ಅಂಗಡಿಗೆ ಹೋಗಿ, ಭಾವನ ಹೆಸರು ಹೇಳಿ, ಕಾರ್ಬುರೇಟರ್ ಬೇಕು ಎಂದೆ. ತಾತ ತಲೆ ಎತ್ತಲಿಲ್ಲ.

"ವಂಡಿ ಎಲ್ಲಿ?"

"ಗಾಡಿ ಏರ್ಕಾಡಲ್ಲಿ ಐತೆ, ತಾತ."

"ಅಂಗಾರೆ ಸದ್ದಾದ್ರೂ ತಂದೀಯಾ?"

ಅದು ಅವರ ಅಂಗಡಿಯ ಕಟ್ಟಳೆ. ಗಾಡಿಯ ಸದ್ದು ಕೇಳದೆ ಒಂದು ಬೋಲ್ಟನ್ನೂ ಕೊಡುತ್ತಿರಲಿಲ್ಲ. ಗಾಡಿ ತರದವರು ಬಾಯಲ್ಲಿ ಸದ್ದು ಮಾಡಿ ತೋರಿಸಬೇಕು. ದೊಡ್ಡ ಮೀಸೆಯ ಲಾರಿ ಡ್ರೈವರುಗಳು ಅಲ್ಲಿ ನಿಂತು ನಾಚಿಕೊಂಡು "ಗುರ್... ಗುರ್..." ಎನ್ನುವುದನ್ನು ನೋಡಬೇಕಿತ್ತು! ನನಗೋ ಹಬ್ಬ. ಹುಟ್ಟಿದಾಗಿನಿಂದ ಯಾರಾದರೂ ಹೀಗೊಂದು ಪ್ರಶ್ನೆ ಕೇಳಲಿ ಎಂದೇ ಕಾದಿದ್ದೆ.

ಶುರು ಮಾಡಿದೆ ನೋಡಿ. ಸೆಲ್ಫ್ ಎಳೆದೆ. ಸ್ಟಾರ್ಟ್ ಆದೆ. ಫಸ್ಟ್ ಗೇರಿನಲ್ಲಿ ಏರು ಹಿಡಿದೆ. ಗಳಗಳ ಎಂದೆ, ಪೊಟ್ ಎಂದೆ, ತಿರುವಿನಲ್ಲಿ ಸುಸ್ತಾಗಿ ಸೊರಗಿದೆ. ಪಕ್ಕದ ಟೈಲರ್ ಮಿಷನ್ ನಿಲ್ಲಿಸಿದ. ಟೀ ಕುಡಿಯುತ್ತಿದ್ದವರು ಗ್ಲಾಸು ಹಿಡಿದೇ ಬಂದು ನಿಂತರು. ಜನ ಸೇರಿದ ಮೇಲೆ ಕೇಳಬೇಕೇ? ನಡುನಡುವೆ "ಖ್ಹೊಂ... ಖ್ಹೊಂ" ಎಂಬುದೊಂದನ್ನು ಸೇರಿಸಿದೆ. ಎಲ್ಲರೂ ನಕ್ಕರು. ತಾತ ಕಣ್ಣು ಮುಚ್ಚಿ ಕೂತಿದ್ದವರು ಬೆರಳೆತ್ತಿದರು.

"ನಿಲ್ಸು. ಆ ಕೆಮ್ಮು ಗಾಡೀದಲ್ಲ."

"ಮತ್ತೆ?"

"ನಿಮ್ಮ ಭಾವಂದು. ಬೀಡಿ ಕೆಮ್ಮು. ಅದನ್ನ ತಗದು ಇನ್ನೊಂದ್ ಸಲ ಬೆಟ್ಟ ಅತ್ತು."

ನನ್ನ ಅನುಕರಣೆಗೆ ಅಷ್ಟು ದಿನ ನಕ್ಕವರಿದ್ದರು, ಹೊಡೆದವರಿದ್ದರು. ಅದರೊಳಗೆ ಯಾವುದು ಕಾರು, ಯಾವುದು ಭಾವ ಎಂದು ಸೋಸಿ ಕೇಳಿದವರು ಇವರೊಬ್ಬರೇ! ಕೆಮ್ಮು ಬಿಟ್ಟು ಮತ್ತೆ ಬೆಟ್ಟ ಹತ್ತಿದೆ. ಈ ಸಲ ಒಂಚೂರೂ ಒಗ್ಗರಣೆ ಹಾಕಲಿಲ್ಲ.

"ಕಾರ್ಬುರೇಟರ್ ಬ್ಯಾಡ" ಎಂದರು. "ಪೆಟ್ರೋಲ್ ಬಿಡೋ ಜೆಟ್ಟು ಸವೆದೈತೆ, ತೂತು ದೊಡ್ಡದಾಗೈತೆ. ಗಾಳಿ ಅಷ್ಟೇ, ಪೆಟ್ರೋಲ್ ಮಾತ್ರ ಜಾಸ್ತಿ. ನಿಮ್ಮಕ್ಕನ ಸ್ಟವ್ವಿಗೆ ಗಾಳಿ ಸಾಲ್ದಿದ್ರೆ ಪಾತ್ರೆ ಮಸಿಯಾಗಲ್ವಾ? ಅದೇ ಕತೆ." ಬಿಸ್ಕತ್ತಿನ ಡಬ್ಬ ತಡಕಿ, ಬೆರಳಿನ ಗೆಣ್ಣಿನಷ್ಟು ದೊಡ್ಡ ಹಿತ್ತಾಳೆಯ ಜೆಟ್ಟನ್ನೂ ಅದರೊಳಗೆ ಆಡುವ ಸೂಜಿಯನ್ನೂ ತೆಗೆದರು. ಸೀಮೆಎಣ್ಣೆಯಲ್ಲಿ ತೊಳೆದು, ಬಾಯಲ್ಲಿ ಊದಿ, ಬೆಳಕಿಗೆ ಹಿಡಿದು ನೋಡಿದರು. "ಇದನ್ನ ಆಕಿ ಓಡ್ಸಿದ ಮ್ಯಾಲೆ ಪ್ಲಗ್ ಬಿಚ್ಚಿ ನೋಡ್ರಿ. ಕಾಡಿಗೆ ಅಂಗಿದ್ರೆ ಪೆಟ್ರೋಲ್ ಇನ್ನೂ ಜಾಸ್ತಿ. ಬೂದಿ ಅಂಗಿದ್ರೆ ಕಮ್ಮಿ, ಇಂಜಿನ್ ಸುಟ್ಟೋಯ್ತದೆ. ಆಲು ಜಾಸ್ತಿ ಬಿದ್ದ ಕಾಫಿ ಬಣ್ಣ ಬರಬೇಕು. ಸರಿ, ಪೋ!"

ಭಾವ ಕೊಟ್ಟ ದುಡ್ಡು ಹೆಚ್ಚುಕಡಿಮೆ ಜೇಬಲ್ಲೇ ಉಳಿಯಿತು. ಮಧ್ಯಾಹ್ನದ ಬಸ್ಸಲ್ಲಿ ಹತ್ತಿ ಬಂದರೆ ಭಾವ ನನ್ನ ಅಂಗೈ ನೋಡಿ ಕೆಂಡವಾದ. "ಕಾರ್ಬುರೇಟರ್ ತಾ ಅಂದ್ರೆ ಮೂಗುತಿ ತಂದಿದ್ದೀಯೇನ್ಲಾ?" ಆದರೂ ಹಾಕಿದ. ಬೇರೆ ದಾರಿ ಇರಲಿಲ್ಲ. ಬೆಳಕಿರುವಾಗಲೇ ಕೆರೆಯವರೆಗೆ ಓಡಿಸಿ ಪ್ಲಗ್ ಬಿಚ್ಚಿದೆವು. ಕಪ್ಪು. ಜೆಟ್ಟನ್ನು ಒಂದಿಷ್ಟು ತಿರುಗಿಸಿ ಮತ್ತೆ ಓಡಿಸಿದೆವು. ಬೂದಿ. ಇನ್ನೊಂದು ಸಲ... ಅಕ್ಕ ಕಾಫಿ ಲೋಟವನ್ನೇ ತಂದು ಪ್ಲಗ್ಗಿನ ಪಕ್ಕ ಹಿಡಿದಳು. "ಇದೇ ಬಣ್ಣ ಕಣ್ರೋ!" ಎಂದು ಕೂಗಿದಳು.

ಅದರ ಮರುದಿನ ಬೀಗರನ್ನು ಕೂರಿಸಿಕೊಂಡು ಹೊರಟೆವು. ನಾನು ಮುಂದೆ, ಮಡಿಲಲ್ಲಿ ಅವರ ಹಣ್ಣಿನ ಬುಟ್ಟಿ. ಹಿಂದೆ ಬೀಗರೂ ಬೀಗಿತ್ತಿಯೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ತಮಿಳಿನಲ್ಲಿ ಜಗಳ ಆಡುತ್ತಿದ್ದರು. ಆ ತಿರುವು ಬಂತು. ಭಾವ ಗೇರ್ ಇಳಿಸಿದ. ಇಂಜಿನ್ ಒಂದು ಗಳಿಗೆ ತಗ್ಗಿತು. ಭಾವನ ಕತ್ತಿನ ನರ ಎದ್ದಿತು. ನಾನು ಬುಟ್ಟಿಯನ್ನು ಅಪ್ಪಿ ಹಿಡಿದೆ... ಆಮೇಲೆ ಅದು "ಹೂಂ" ಎಂದು ಒಂದೇ ಉಸಿರಿಗೆ ಎದ್ದಿತು ನೋಡಿ! ಹಿಂತಿರುಗಿದೆ. ರಸ್ತೆಯ ಮೇಲೆ ಬರೀ ಬಿಸಿಲು, ಹೊಗೆಯ ಸುಳಿವಿಲ್ಲ. ನಾನು ಕಿಟಕಿಯಿಂದ ತಲೆ ಹೊರಹಾಕಿ ಟಗರಿನ ಹಾಗೆ ಕೂಗಿದೆ. ಬೀಗಿತ್ತಿ ಏನಾಯಿತೋ ಎಂದು ಬೆಚ್ಚಿ "ಅಯ್ಯೋ, ಎನ್ನ ಆಚ್ಚು?" ಎಂದರು. ಬೆಟ್ಟದ ಮೇಲೆ ಯಜಮಾನರು ಬೀಗರನ್ನು ಮಾತಾಡಿಸುವ ಮೊದಲೇ ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿದರು. "ನಾಳೈಲಿರುಂದು ವಾ" ಎಂದರು. ನಾಳೆಯಿಂದ ಬಾ! ಭಾವ ನನ್ನ ಬೆನ್ನಿಗೆ ಗುದ್ದಿದ ಗುದ್ದು ಈಗಲೂ ನೆನಪಿದೆ.

ಸುದ್ದಿ ಹೇಳಲು ಮುಂದಿನ ಬಸ್ಸಿಗೇ ಇಳಿದೆ. ತಾತ ಸುದ್ದಿ ಕೇಳಲಿಲ್ಲ, "ಸದ್ದು ಮಾಡು" ಎಂದರು. ಬುಡದಿಂದ ತುದಿಯವರೆಗೆ ಹತ್ತಿದೆ. ಕಣ್ಣು ಮುಚ್ಚಿ ಕೇಳಿದರು.

ಅಲ್ಲಿಂದ ಮುಂದೆ ಎಷ್ಟು ಸದ್ದು ಹೊತ್ತು ಹೋದೆನೋ... ಹೋದ ವರ್ಷ ಹೋದಾಗ ಅಂಗಡಿಗೆ ಬೀಗ ಬಿದ್ದಿತ್ತು. ಟೈಲರ್ ಮಿಷನ್ ತುಳಿಯುತ್ತಲೇ, "ತಾತಾ ಪೋಯಿಟ್ಟಾರು ತಂಬಿ" ಎಂದ. ತಾತ ತೀರಿಕೊಂಡಿದ್ದರು. ಹೊತ್ತು ತಂದಿದ್ದ ಸದ್ದನ್ನು ಹಾಗೇ ವಾಪಸ್ ಹೊತ್ತು ಬಸ್ಸು ಹತ್ತಿದೆ.

ಭಾವ ಈಗಲೂ ಅದೇ ಕಾರಿನಲ್ಲಿ ಎಸ್ಟೇಟಿಗೆ ಓಡಾಡುತ್ತಾನೆ. ಮೊನ್ನೆ ಏರಿನಲ್ಲಿ ಹೊಸದೊಂದು ಸದ್ದು ಶುರುವಾಯಿತು, ಚಕ್ರದ ಕಡೆಯಿಂದ ಕಿಣಿಕಿಣಿ ಎಂದು. ಭಾವ ಕಿವಿಗೊಟ್ಟು, "ಓಗಿ ತಾತನ್ನ ಕೇಳ್ಕಂಡ್ ಬಾ..." ಎಂದವನು ಅಲ್ಲಿಗೇ ನಿಲ್ಲಿಸಿದ. ನಾನು ಆಗಲೇ ಆ ಸದ್ದನ್ನು ಬಾಯಲ್ಲಿ ಸರಿಯಾಗಿ ಹಿಡಿದುಬಿಟ್ಟಿದ್ದೆ.