ಮೋಟಾರ್ ಸೈಕಲ್ಲಿಗೆ ಎಣ್ಣೆ ಸ್ನಾನ

ಡಬ್... ಡಬ್... ಡಬ್... ಖೊಳ್!

ನಾನು ಚಿಕ್ಕವಳಿದ್ದಾಗ ಕುಷ್ಟಗಿಯ ನಮ್ಮ ಓಣಿಗೆ ಸಂಜೆಯಾದದ್ದು ಈ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಮೂರು ಡಬ್, ಒಂದು ಕೆಮ್ಮು. ಅದು ಕಿವಿಗೆ ಬಿದ್ದರೆ ಅಜ್ಜಿ ಚಹಾಕ್ಕೆ ಎಸರಿಡುತ್ತಿದ್ದಳು. ಸರ್ಕಾರಿ ದವಾಖಾನೆಯ ಡಾಕ್ಟರಾಗಿದ್ದ ಅಪ್ಪ ಹಳ್ಳಿಗಳ ಪೇಷಂಟುಗಳನ್ನು ನೋಡಿಕೊಂಡು ಮನೆಗೆ ಬಂದರೆಂದು ಅರ್ಥ.

ಆ ಮೋಟಾರ್ ಸೈಕಲ್ಲು ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅದು ಸೆಕೆಂಡ್ ಹ್ಯಾಂಡ್ ಅಲ್ಲ, ಫೋರ್ತ್ ಹ್ಯಾಂಡ್ ಎಂದು ಅಪ್ಪ ನಗುತ್ತಿದ್ದರು. ಟ್ಯಾಂಕಿನ ಪಕ್ಕದ ಉದ್ದನೆಯ ಕೋಲನ್ನು ಕೈಯಿಂದ ಎಳೆದು ಗೇರ್ ಹಾಕಬೇಕಿತ್ತು. ಅದೂ ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲಿಗೆ ರೇಷನ್, ಸ್ಪೇರ್ ಪಾರ್ಟ್ ಅಂತೂ ಕನಸಿನ ಮಾತು.

ಆ ವರ್ಷ ದೀಪಾವಳಿಯ ಮರುದಿನವೇ ಅಕ್ಕನಿಗೆ ಬಳ್ಳಾರಿಯ ಕಾನ್ವೆಂಟಿನಲ್ಲಿ ಟೀಚರ್ಸ್ ಟ್ರೈನಿಂಗಿನ ಇಂಟರ್‌ವ್ಯೂ. ಪಾಪ, ಆ ಸಿಸ್ಟರುಗಳಿಗೆ ನಮ್ಮ ಹಬ್ಬ ಎಲ್ಲಿ ನೆನಪಿರಬೇಕು! ಹಬ್ಬದ ದಿನ ಸಂಜೆ ಕೊಪ್ಪಳದಲ್ಲಿ ರೈಲು ಹಿಡಿಯಬೇಕು. ಹಬ್ಬಕ್ಕೆ ಬಸ್ಸು ಇಲ್ಲ, ಚಕ್ಕಡಿ ಕಟ್ಟಿದರೆ ಮುಟ್ಟುವ ಹೊತ್ತಿಗೆ ರೈಲು ಹೋಗಿರುತ್ತದೆ. ಉಳಿದದ್ದು ಮೋಟಾರ್ ಸೈಕಲ್ಲು ಒಂದೇ.

ಅಜ್ಜಿಗೆ ಇದು ಸುತರಾಂ ಒಪ್ಪಿಗೆ ಇರಲಿಲ್ಲ. “ಹೆಣ್ಣು ಹುಡುಗಿ ರೈಲ ಹತ್ತಿ ಹೋಗಿ ಮಾಸ್ತರಿಕಿ ಕಲೀಬೇಕೇನು? ನಮ್ಮ ಮನ್ಯಾಗ ಜ್ವಾಳ ತೀರ್‍ಯಾವೇನು?” ಎಂದು ವಾರದಿಂದ ಗೊಣಗುತ್ತಿದ್ದಳು. ಅಕ್ಕ ಮಾತ್ರ ತನ್ನ ಎರಡು ಸೀರೆಗಳನ್ನು ಮಡಿಸುವುದು, ಮತ್ತೆ ಬಿಚ್ಚಿ ಮಡಿಸುವುದು ಮಾಡುತ್ತಿದ್ದಳು.

ಹಬ್ಬದ ನಸುಕಿನಲ್ಲಿ ಅಜ್ಜಿ ಎಲ್ಲರನ್ನೂ ಸಾಲಾಗಿ ಮಣೆಯ ಮೇಲೆ ಕೂರಿಸಿದಳು. ನೆತ್ತಿಗೆ ಬೆಚ್ಚನೆಯ ಔಡಲ ಎಣ್ಣೆ, ಅದೇ ಹರಳೆಣ್ಣೆ, ತಟ್ಟಿ, ಕಿವಿಗೆ ಎರಡು ಹನಿ ಬಿಟ್ಟಳು. “ಇದರಿಂದ ಕೆಮ್ಮು, ನೆಗಡಿ ಹತ್ರ ಸುಳಿಯಂಗಿಲ್ಲ” ಅಂದಳು. ನನಗೆ ತಕ್ಷಣ ಅಂಗಳದಲ್ಲಿ ನಿಂತಿದ್ದ ಕೆಮ್ಮಿನವನ ನೆನಪಾಯಿತು. ಪಾಪ, ಅವನಿಗೊಬ್ಬನಿಗೇ ಹಬ್ಬವಿಲ್ಲ! ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಹೋದೆ. ಎಂಜಿನ್ನಿನ ಬದಿಗೆ ಒಂದು ದುಂಡನೆಯ ತಗಡಿನ ಮುಚ್ಚಳ, ಅದರಲ್ಲೊಂದು ಸಣ್ಣ ತೂತು, ಥೇಟ್ ಕಿವಿ. ಎರಡು ಹನಿ ಎಲ್ಲಿ ಸಾಕಾದೀತೆಂದು ಬಟ್ಟಲನ್ನೇ ಬರಿದು ಮಾಡಿದೆ.

ಹತ್ತು ಗಂಟೆಗೆ ಅಕ್ಕ ಹಿಂದೆ ಕೂತಳು, ಅಪ್ಪ ಕಿಕ್ ಹೊಡೆದರು. ಎಂಜಿನ್ನು ಗುಡುಗಿತು, ಗಾಡಿ ಮಾತ್ರ ಆಮೆಯಂತೆ ತೆವಳಿತು. ಓಣಿಯ ತುದಿಯ ಏರಿಗೆ ಬಂದಾಗ ಸದ್ದು ಇನ್ನೂ ಜೋರಾಯಿತು, ಚಕ್ರ ನಿಂತೇಬಿಟ್ಟಿತು. ಇಬ್ಬರೂ ದೂಡಿಕೊಂಡು ವಾಪಸ್ ಬಂದರು.

ಅಪ್ಪ ಪ್ಲಗ್ ಬಿಚ್ಚಿ ಮಸಿ ಒರೆಸಿದರು. ಕಾರ್ಬುರೇಟರ್ ಊದಿದರು. ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿದರು. ಏನೂ ಉಪಯೋಗವಾಗಲಿಲ್ಲ. ನಾನು ಖಾಲಿ ಎಣ್ಣೆ ಬಟ್ಟಲನ್ನು ಲಂಗದಲ್ಲಿ ಮುಚ್ಚಿಕೊಂಡು ತುಳಸಿಕಟ್ಟೆಯ ಹಿಂದೆ ಕೂತುಬಿಟ್ಟೆ. ಮುಂದೆ ಕಾನ್ವೆಂಟಿನಲ್ಲಿ ‘ಗಿಲ್ಟಿ’ ಎಂಬ ಪದ ಕಲಿತಾಗ ನನಗೆ ನೆನಪಾದದ್ದು ಆ ತುಳಸಿಕಟ್ಟೆ.

ಕೊನೆಗೆ ಅಪ್ಪ ಉಸ್ತಾದರನ್ನು ಕರೆಸಿದರು. ಹತ್ತಿ ಗಿರಣಿಯ ಎಂಜಿನ್ ನೋಡಿಕೊಳ್ಳುತ್ತಿದ್ದ ಮುದುಕರು ಅವರು. ಬಿಳಿ ಗಡ್ಡ, ಎಷ್ಟು ತೊಳೆದರೂ ಕಪ್ಪಾಗಿಯೇ ಉಳಿದ ಬೆರಳು. ಅವರು ಬಂದವರೇ ಗಾಡಿಯ ಮುಂದಿನ ಚಕ್ರವನ್ನು ಬೇವಿನ ಮರಕ್ಕೆ ಒತ್ತಿ ನಿಲ್ಲಿಸಿ, “ಗೇರ್ ಹಾಕಿ ಕ್ಲಚ್ ಬಿಡ್ರಿ, ಡಾಕ್ಟರ್ ಸಾಬ್ರ. ಕ್ಲಚ್ ಛಲೋ ಇದ್ರ ಎಂಜಿನ್ ಸಾಯಬೇಕು” ಅಂದರು. ಅಪ್ಪ ಕ್ಲಚ್ ಬಿಟ್ಟರು. ಎಂಜಿನ್ನು ಸಾಯಲಿಲ್ಲ, ಆರಾಮಾಗಿ ಡಬ್ ಡಬ್ ಎನ್ನುತ್ತಲೇ ಇತ್ತು.

“ಎಂಜಿನ್ ಗಟ್ಟಿ ಐತಿ. ಅದರ ಜೋರು ಚಕ್ರಕ್ಕ ಮುಟ್ಟವಲ್ದು. ನಡುವ ಜಾರಾಕತ್ತೈತಿ” ಎಂದು ಉಸ್ತಾದ್ ತಗಡಿನ ಮುಚ್ಚಳ ಬಿಚ್ಚಿದರು. ಒಳಗೆ ಕ್ಲಚ್ಚಿನ ತಟ್ಟೆಗಳು, ತಟ್ಟೆಗಳ ತುಂಬ ಔಷಧಿ ಬಾಟಲಿಯ ಬೂಚಿನಂಥ ತುಂಡುಗಳು. ಆ ಬೂಚುಗಳು ಒಣಗಿದ್ದರಷ್ಟೇ ತಟ್ಟೆಗಳು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಅವರು ಬೆರಳಾಡಿಸಿ ಮೂಗಿಗೆ ಹಿಡಿದರು. “ಔಡಲ ಎಣ್ಣಿ! ಇದನ್ನ ಇಲ್ಲಿ ಯಾರು ಸುರುವ್ಯಾರ?”

ಅಪ್ಪ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು.

“ಅವ್ವಾ... ಅಕಿ ಹೋಗಬಾರದಂತ ನೀನ ಹಿಂಗ ಮಾಡಿದೇನು?”

ಅಜ್ಜಿಯ ಮುಖ ನೋಡಬೇಕಿತ್ತು ಮಕ್ಕಳೇ. ನನಗೆ ತಡೆಯಲಾಗಲಿಲ್ಲ.

“ಅಜ್ಜಿ ಅಲ್ಲಪ್ಪ, ನಾನು! ಎಲ್ಲಾರಿಗೂ ಹಚ್ಚಿದ್ರಿ, ಗಾಡಿಗೆ ಹಚ್ಚಿರಲಿಲ್ಲ. ಅದಕ್ಕೂ ಕೆಮ್ಮು ಐತಲ್ಲ!”

ಹೇಳಿ ಕಣ್ಣು ಮುಚ್ಚಿ ಏಟಿಗೆ ಕಾದೆ. ಬಂದದ್ದು ಉಸ್ತಾದರ ನಗು. ಗಡ್ಡ ಅಲುಗುವಂತೆ ನಕ್ಕು, “ಎಣ್ಣಿ ಹಚ್ಚಿದ್ದೇನೋ ಖರೆ ಬೇಟಿ, ಆದ್ರ ಎರೀಲಿಲ್ಲಲ್ಲ! ಹಬ್ಬದ ದಿನ ಅರ್ಧಾ ಜಳಕ ಮಾಡಿಸಿ ಬಿಟ್ಟಿ” ಅಂದರು. ಆಮೇಲೆ ಅಪ್ಪನಿಗೆ, “ತೊಳ್ಯಾಕ ಪೆಟ್ರೋಲ್ ಬೇಕಾಗ್ತದ್ರಿ” ಅಂದರು. ಟ್ಯಾಂಕಿನಲ್ಲಿದ್ದದ್ದು ಕೊಪ್ಪಳಕ್ಕೆ ಹೋಗಿಬರುವಷ್ಟೇ. ಅಪ್ಪ ಟ್ಯಾಂಕಿನ ಮುಚ್ಚಳ ತೆರೆದು ನೋಡಿ ಮತ್ತೆ ಮುಚ್ಚಿದರು. ಅಕ್ಕ ಸೀರೆಗಂಟನ್ನು ಎತ್ತಿಕೊಂಡು ಒಳಗೆ ನಡೆದಳು.

“ನಿಲ್ಲ ನೀ” ಅಂದಳು ಅಜ್ಜಿ.

ಬಚ್ಚಲಿನ ಹಂಡೆಯಲ್ಲಿ ಇನ್ನೂ ನೀರು ಕಾದಿತ್ತು. ಅಜ್ಜಿ ಸೆರಗು ಸಿಕ್ಕಿಸಿ, ಅಂಟವಾಳದ ನೊರೆಯ ಬಕೆಟ್ಟು ತಂದಿಟ್ಟು, ತಟ್ಟೆಗಳನ್ನು ಒಂದೊಂದಾಗಿ ನಮ್ಮ ತಲೆ ತಿಕ್ಕುವಂತೆಯೇ ತಿಕ್ಕತೊಡಗಿದಳು. “ನಲವತ್ತು ವರ್ಷದಿಂದ ಎಂಥೆಂಥಾ ಜಿಡ್ಡ ತಲಿ ತೊಳದೀನಿ. ಇದ್ಯಾವ ಲೆಕ್ಕ!” ಅಪ್ಪ ತಪ್ಪಿತಸ್ಥನಂತೆ ಪಕ್ಕದಲ್ಲಿ ಕೂತು ಬಿಸಿನೀರು ಹೊಯ್ದರು. ಅಜ್ಜಿ ಅವರ ಕಡೆ ತಿರುಗಿ ಕೂಡ ನೋಡಲಿಲ್ಲ. ಆದರೆ ಚೊಂಬು ಖಾಲಿಯಾದಾಗ, “ಇನ್ನೊಂದ ಚೂರು ಹಾಕೋ ತಮ್ಮಾ” ಅಂದಳು. ಅಪ್ಪನ ಮುಖ ಆಗ ಸಡಿಲವಾಯಿತು. ಬಿದ್ದುಹೋಗಿದ್ದ ಎರಡು ತುಂಡುಗಳ ಜಾಗಕ್ಕೆ ಉಸ್ತಾದ್ ದವಾಖಾನೆಯ ಬಾಟಲಿಯ ಬೂಚುಗಳನ್ನು ಕೆತ್ತಿ ಬಡಿದರು. ಕಾದ ಹಾಸುಗಲ್ಲಿನ ಮೇಲೆ ಎಲ್ಲವನ್ನೂ ಒಣಗಿಸಿದೆವು.

ಮತ್ತೆ ಜೋಡಿಸಿ, ಮತ್ತೆ ಬೇವಿನ ಮರಕ್ಕೆ ಒತ್ತಿದರು. ಅಪ್ಪ ಕ್ಲಚ್ ಬಿಟ್ಟರು. ಗಕ್ ಎಂದು ಎಂಜಿನ್ ನಿಂತಿತು.

“ಸತ್ತಿತು! ಸತ್ತಿತು!” ಎಂದು ನಾನು ಕುಣಿದೆ.

“ಹಬ್ಬದ ದಿನ ಅದೆಂಥಾ ಮಾತ!” ಎಂದು ಗದರಿದ ಅಜ್ಜಿ, ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು. ಕೈ ಒರೆಸಿಕೊಂಡು ಅಕ್ಕನ ಹಣೆಗೂ ಹಚ್ಚಿ, ಗಂಟಿನೊಳಗೆ ನಾಲ್ಕು ಕರ್ಚಿಕಾಯಿ ತುರುಕಿದಳು. ಗಾಡಿ ಆ ಏರನ್ನು ಒಂದೇ ಉಸಿರಿಗೆ ಹತ್ತಿ ಮರೆಯಾಯಿತು.

ಮರುದಿನ ಬೆಳಗ್ಗೆ ಡಬ್ ಡಬ್ ಕೇಳಿದಾಗ ಅಜ್ಜಿ ಎಸರಿಡುವುದನ್ನು ಮರೆತು ಬಾಗಿಲಿಗೆ ಓಡಿದಳು. “ರೈಲ್ ಸಿಕ್ತು” ಅಂದರು ಅಪ್ಪ. ಅಕ್ಕ ಟೀಚರಾದಳು. ಆಮೇಲೆ ನನ್ನನ್ನೂ ಅದೇ ಕಾನ್ವೆಂಟಿಗೆ ಸೇರಿಸಿದಳು.

ಈಗ ನಿಮ್ಮ ಮನೆಯ ಸ್ಕೂಟರಿಗೆ ಕ್ಲಚ್ಚೂ ಇಲ್ಲ, ಸದ್ದೂ ಇಲ್ಲ. ಫೋನಿನಂತೆ ಚಾರ್ಜ್ ಮಾಡುತ್ತೀರಿ. ವೆರಿ ಕನ್ವೀನಿಯೆಂಟ್, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮ ಅಪ್ಪ ಗೇಟಿನೊಳಗೆ ಬಂದದ್ದು ನನಗೆ ತಿಳಿಯುವುದೇ ಇಲ್ಲ. ಸಂಜೆಯಾದರೆ ಸುಮ್ಮನೆ ಕಿವಿಗೊಟ್ಟು ಕೂತಿರುತ್ತೇನೆ.

ಉಸ್ತಾದರನ್ನು ನಾನು ಕೊನೆಯ ಸಲ ನೋಡಿದ್ದು ಕೊಪ್ಪಳದ ಸ್ಟೇಷನ್ನಿನಲ್ಲಿ. ನಾನು ಮೊದಲ ಸಲ ಕಾನ್ವೆಂಟಿಗೆ ಹೊರಟಿದ್ದೆ. ಗಿರಣಿಯ ಪಾರ್ಸಲ್ ಬಿಡಿಸಿಕೊಳ್ಳಲು ಬಂದಿದ್ದ ಅವರು ಕಿಟಕಿಯ ಹತ್ತಿರ ಬಂದು ಮೂಗು ಅರಳಿಸಿದರು. “ಎಣ್ಣಿ ವಾಸನಿ ಬರಾಕತ್ತೈತಲ್ಲ ಬೇಟಿ. ಎರಕೊಂಡೀಯೋ ಇಲ್ಲೋ?”

ಬೆಳಗ್ಗೆಯಷ್ಟೇ ಅಜ್ಜಿ ಎರೆದಿದ್ದಳು. ನಾನು ಇನ್ನೂ ಹಸಿಯಾಗಿದ್ದ ಜಡೆಯನ್ನು ಕಿಟಕಿಯಿಂದ ಹೊರಗೆ ಚಾಚಿ ತೋರಿಸಿದೆ. ರೈಲು ಹೊರಟಿತು. ಆ ಕಪ್ಪು ಬೆರಳುಗಳ ಕೈ ಮೇಲೆದ್ದೇ ಇತ್ತು, ಗಡ್ಡ ನಗುತ್ತಲೇ ಇತ್ತು.