ಪದ್ದಮ್ಮನವರ ಕೊಡ, ನನ್ನ ಅಳುಕು

ಅಳುಕು ಅನ್ನೋ ಪದವನ್ನು ನಾನು ಬಹಳ ವರ್ಷ ಬೇರೆಯವರ ಮೇಲೆಯೇ ಪ್ರಯೋಗಿಸಿದ್ದೆ. "ಎಳ್ಳಷ್ಟಾದರೂ ಅಳುಕು ಬೇಡವೇ ಆ ಮನುಷ್ಯನಿಗೆ?" ಅನ್ನುವಾಗ ಎಂಥ ಸುಖ! ಅದು ನಮ್ಮೊಳಗೇ ಬಂದು ಕೂತಾಗ ಗೊತ್ತಾಗುತ್ತದೆ ಫಜೀತಿ.

ಬೆಸೆಂಟ್ ನಗರದಲ್ಲಿ ನಮ್ಮ ಮೇಲಿನ ಮನೆಯವರು ಪದ್ದಮ್ಮ. ಮೂರು ತಲೆಮಾರಿನಿಂದ ಮದ್ರಾಸಿನವರು. ಮಾತು ಅರ್ಧ ತಮಿಳು, ಮಡಿ ಮಾತ್ರ ಪೂರ್ತಿ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಆ ನೀರಿಲ್ಲದ ಬೇಸಿಗೆಯಲ್ಲಿ, ಏಕಾದಶಿಯ ದಿನ ಅಣ್ಣಾ ನಗರದ ಮಗಳ ಮನೆಗೆ ಹೊರಟವರು ನನ್ನ ಕೈಗೆ ಬೀಗದ ಕೈ ಕೊಟ್ಟರು. "ನಾಳೆ ದ್ವಾದಶಿ. ಸ್ನಾನ ಮಾಡಿ, ಬಾವಿ ನೀರು ಸೇದಿ ನನ್ನ ತಾಮ್ರದ ಕೊಡ ತುಂಬಿಸಿಡಮ್ಮ. ಬೆಳಗಾಗ್ತಲೇ ಬಂದು ದೇವರ ಅಡಿಗೆ ಮಾಡ್ಬೇಕು" ಎಂದರು.

ಮರುದಿನ ನಸುಕಿನಲ್ಲೇ ಬಾವಿಗೆ ಬಕೆಟ್ ಇಳಿಸಿದರೆ ಠಣ್ ಅಂತು. ಕೆಸರೂ ಬರಲಿಲ್ಲ. ನಮ್ಮ ನಲ್ಲಿಯೂ ಒಣಗಿ ಕೂತಿತ್ತು, ಇನ್ನು ಸ್ನಾನದ ಮಾತೆಲ್ಲಿ! ಅಷ್ಟರಲ್ಲಿ ಬೀದಿಯಲ್ಲಿ ನೀರಿನ ಲಾರಿಯ ಹಾರ್ನ್. ಪ್ಲಾಸ್ಟಿಕ್ ಕೊಡಗಳ ನೂಕುನುಗ್ಗಲಿಗೆ ಆ ಮಡಿ ತಾಮ್ರವನ್ನೇ ಒಯ್ದು ತುಂಬಿಸಿ ತಂದಿಟ್ಟೆ. ಪದ್ದಮ್ಮ ಬಂದರು, ಅದೇ ನೀರಲ್ಲಿ ಅಡಿಗೆ ಮಾಡಿ, ದೇವರಿಗಿಟ್ಟು, ಉಪವಾಸ ಮುರಿದರು.

ಆಮೇಲೆ ಮೂರು ದಿನ ನಾನು ಮೆಟ್ಟಿಲು ಹತ್ತಲಿಲ್ಲ. "ಎನ್ನಮ್ಮಾ, ಗಿಲ್ಟಾ?" ಎಂದಳು, ಕನ್ನಡಕ್ಕೆ ತಮಿಳಲ್ಲೇ ಉತ್ತರಿಸುವ ನನ್ನ ಮಗಳು. ಅಲ್ಲ ಕಣೇ. ಗಿಲ್ಟು ತೀರ್ಪಾದ ಮೇಲಿನದು. ಭಯಕ್ಕೆ ಎದುರಿಗೊಂದು ನಾಯಿಯಾದರೂ ಬೇಕು. ಅಳುಕಿಗೆ ಯಾರೂ ಬೇಡ. ನಾಲಿಗೆ ತುದಿಗೆ ಬಂದ ನಿಜ ವಾಪಸು ಗಂಟಲಿಗೆ ಇಳಿಯುತ್ತದಲ್ಲ, ಅಲ್ಲಿ ಅದರ ವಾಸ. ಹೇಳದಿದ್ದರೆ ಅವರ ವ್ರತಕ್ಕೆ ಮೋಸ. ಹೇಳಿದರೆ ನನ್ನನ್ನು ಮತ್ತೆ ಅಡಿಗೆಮನೆಗೆ ಬಿಟ್ಟುಕೊಳ್ಳುವರೋ ಇಲ್ಲವೋ. ಈ ಊರಲ್ಲಿ ನನಗೆ ಅಮ್ಮನ ಹಾಗಿದ್ದವರು ಅವರೊಬ್ಬರೇ.

ನಾಲ್ಕನೆಯ ದಿನ ಹತ್ತಿದೆ. "ಅವತ್ತಿಂದು ಲಾರಿ ನೀರು, ಮಾಮಿ" ಎಂದೆ ಒಂದೇ ಉಸಿರಿಗೆ.

ಪದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಯ್ಯೋ ಪೆದ್ದೇ! ಬಾವಿ ಬತ್ತಿ ತಿಂಗಳಾಯ್ತು, ನಂಗೆ ತೆರಿಯಾದಾ, ಗೊತ್ತಿಲ್ವಾ? 'ಲಾರಿ ನೀರು ಹಿಡಿ' ಅಂತ ಹೇಳಕ್ಕೆ ನಂಗೇ ಅಳುಕಾಯ್ತು. ನೀ ಹೇಗೂ ತುಂಬಿಸ್ತೀ, ನಾ ಕೇಳ್ದೆ ಇದ್ರಾಯ್ತು ಅಂದ್ಕೊಂಡೆ."

ಎದೆಯ ಮೇಲಿನ ಚಪ್ಪಡಿ ಸರಿದ ಹಾಗಾಯಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆ ಬೇಸಿಗೆಯಲ್ಲಿ ಸಾಲಲ್ಲಿ ನಿಲ್ಲದೆ ಸಿಕ್ಕ ನೀರು ಅದೊಂದೇ.

ಇದ್ದಕ್ಕಿದ್ದಂತೆ ಅವರು ನಗು ನಿಲ್ಲಿಸಿದರು. "ಸ್ನಾನ ಮಾಡಿದ್ದೆ ತಾನೇ?"

ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ಲೋಟ ನನ್ನ ಕೈಗಿಟ್ಟು, "ವೇಂಡಾಂ, ಹೇಳ್ಬೇಡ. ಮೊದ್ಲು ಕುಡಿ" ಎಂದರು.

ಎಳ್ಳಷ್ಟೂ ಅಳುಕಿಲ್ಲದೆ ಕುಡಿದೆ.